ಲಾಕ್‌ಡೌನ್ ಮತ್ತು ಮಕ್ಕಳ ಶಸ್ತ್ರಚಿಕಿತ್ಸೆ

ಸಾಂಕ್ರಾಮಿಕ ರೋಗ ಹಬ್ಬದಂತೆ ತಡೆಯಲು ಸರ್ಕಾರಗಳು ಜನರ ಓಡಾಟ, ಸಾರಿಗೆ, ಶಾಲೆ, ವ್ಯಾಪಾರಗಳನ್ನು ನಿಲ್ಲಿಸಿದಾಗ, ಆ ರೋಗಕ್ಕೆ ಸಂಬಂಧವೇ ಇಲ್ಲದ ಚಿಕಿತ್ಸೆಗಳಿಗೂ ಪೆಟ್ಟು ಬೀಳುತ್ತದೆ. ಮಕ್ಕಳ ಶಸ್ತ್ರಚಿಕಿತ್ಸೆ ಹಾಗೆ ಪೆಟ್ಟು ತಿಂದ ಕ್ಷೇತ್ರಗಳಲ್ಲಿ ಒಂದು. 2020–21ರ ಕೋವಿಡ್-19 ಲಾಕ್‌ಡೌನ್‌ಗಳು ಇದಕ್ಕೆ ಅತಿ ದೊಡ್ಡ ನಿದರ್ಶನ. ಹೆಚ್ಚಿನ ದಾಖಲೆ ಇರುವುದೂ ಇದರ ಬಗ್ಗೆಯೇ. ಕೊರೊನಾ ವೈರಸ್ ಮಕ್ಕಳನ್ನು ದೊಡ್ಡವರಷ್ಟು ಕಾಡಲಿಲ್ಲ. ಆದರೆ ದೊಡ್ಡವರ ಚಿಕಿತ್ಸೆಗಾಗಿ ಮಾಡಿದ ಏರ್ಪಾಡಿನಲ್ಲಿ ಮಕ್ಕಳ ಹಾಸಿಗೆ, ಅರಿವಳಿಕೆ ತಜ್ಞರು, ಆಪರೇಷನ್ ಸರದಿ ಎಲ್ಲವೂ ಕೈತಪ್ಪಿದವು. ನ್ಯೂಯಾರ್ಕ್‌ನಲ್ಲಿ ಮಕ್ಕಳ ಆಸ್ಪತ್ರೆಯ ವಾರ್ಡುಗಳಿಗೇ ವಯಸ್ಕ ರೋಗಿಗಳನ್ನು ಸೇರಿಸಿಕೊಂಡರು. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆ ಕೋವಿಡ್‌ಗೆ ಮೀಸಲಾಯಿತು.

ಹಿನ್ನೆಲೆ

ಲಾಕ್‌ಡೌನ್‌ಗೆ ಮುಂಚೆಯೂ ಮಕ್ಕಳ ಶಸ್ತ್ರಚಿಕಿತ್ಸೆಯ ಸ್ಥಿತಿ ಹೇಳಿಕೊಳ್ಳುವಂತಿರಲಿಲ್ಲ. ಸುರಕ್ಷಿತವಾದ, ಕೈಗೆಟಕುವ ಬೆಲೆಯ ಶಸ್ತ್ರಚಿಕಿತ್ಸೆ ಜಗತ್ತಿನ ಸುಮಾರು 500 ಕೋಟಿ ಜನರಿಗೆ ಸಿಗುತ್ತಿಲ್ಲ ಎಂದು ಲ್ಯಾನ್ಸೆಟ್ ಪತ್ರಿಕೆಯ ಆಯೋಗ 2015ರಲ್ಲಿ ಹೇಳಿತ್ತು. ಅವರಲ್ಲಿ ಮಕ್ಕಳು ಸುಮಾರು 170 ಕೋಟಿ ಎಂಬ ಅಂದಾಜು 2019ರಲ್ಲಿ ಬಂತು. ಅನ್ನನಾಳ, ಕರುಳು, ಗುದದ್ವಾರಗಳ ದೋಷ ಹೊತ್ತು ಹುಟ್ಟಿದ ಶಿಶುಗಳ ಸಾವಿನ ಪ್ರಮಾಣವನ್ನು 74 ದೇಶಗಳ 264 ಆಸ್ಪತ್ರೆಗಳಲ್ಲಿ ಲೆಕ್ಕಹಾಕಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಶ್ರೀಮಂತ ದೇಶಗಳಲ್ಲಿ ಸತ್ತವರು ಶೇ. 5.6, ಮಧ್ಯಮ ಆದಾಯದ ದೇಶಗಳಲ್ಲಿ ಶೇ. 20.4, ಬಡ ದೇಶಗಳಲ್ಲಿ ಶೇ. 39.8. ಈ ಅಂಕಿಗಳನ್ನು ಕಲೆಹಾಕಿದ್ದು 2018–19ರಲ್ಲಿ. ಬಸ್ಸು ಓಡುತ್ತಿದ್ದ, ಆಸ್ಪತ್ರೆ ತೆರೆದಿದ್ದ ಕಾಲದಲ್ಲೇ ಪರಿಸ್ಥಿತಿ ಹೀಗಿತ್ತು.

ಸಾಂಕ್ರಾಮಿಕದ ಭಯ ಆಪರೇಷನ್ ಕೋಣೆಯನ್ನು ಖಾಲಿಮಾಡಬಲ್ಲದು ಎಂಬುದಕ್ಕೆ ಎಬೋಲಾ ಕಾಲದ ಪಾಠವೂ ಕಣ್ಣಮುಂದಿತ್ತು. 2014ರಲ್ಲಿ ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನ್‌ನಲ್ಲಿ ಕೆಲವೇ ತಿಂಗಳಲ್ಲಿ ಆಸ್ಪತ್ರೆಗೆ ದಾಖಲಾಗುವವರೂ ದೊಡ್ಡ ಆಪರೇಷನ್‌ಗಳೂ ಸುಮಾರು ಶೇ. 70ರಷ್ಟು ಇಳಿದಿದ್ದವು. ಆ ಅನುಭವದಿಂದ ಇತರ ದೇಶಗಳು ಕಲಿತದ್ದು ಅಷ್ಟಕ್ಕಷ್ಟೇ.

ಮುಂದೂಡಿಕೆ

2020ರ ಮಾರ್ಚ್ ಮಧ್ಯದಲ್ಲಿ ಅಮೆರಿಕದ ಶಸ್ತ್ರಚಿಕಿತ್ಸಕರ ಕಾಲೇಜು ತುರ್ತಲ್ಲದ ಆಪರೇಷನ್‌ಗಳನ್ನು ಮುಂದೂಡಲು ಸಲಹೆ ಕೊಟ್ಟಿತು. ಮಾರ್ಚ್ 17ರಂದು ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆ ಕನಿಷ್ಠ ಮೂರು ತಿಂಗಳ ಮುಂದೂಡಿಕೆಗೆ ಸೂಚಿಸಿತು. ಭಾರತದ ಕೇಂದ್ರ ಆರೋಗ್ಯ ಸಚಿವಾಲಯದ ಇಂಥದೇ ಸಲಹೆ ಬಂದದ್ದು ಮಾರ್ಚ್ 20ರಂದು. ಐದು ದಿನ ಕಳೆಯುವಷ್ಟರಲ್ಲಿ, ಮಾರ್ಚ್ 25ರಿಂದ, ದೇಶವೇ ಲಾಕ್‌ಡೌನ್ ಆಯಿತು. ಇಪ್ಪತ್ತೊಂದು ದಿನವೆಂದು ಆರಂಭವಾದದ್ದು ಮೇ 31ರವರೆಗೆ ಬೆಳೆಯಿತು. ಹಾವಳಿ ಅತಿ ಹೆಚ್ಚಿದ್ದ 12 ವಾರಗಳಲ್ಲಿ ಜಗತ್ತಿನಾದ್ಯಂತ ಸುಮಾರು 2.84 ಕೋಟಿ ಯೋಜಿತ ಶಸ್ತ್ರಚಿಕಿತ್ಸೆಗಳು ರದ್ದಾಗುತ್ತವೆ ಅಥವಾ ಮುಂದೆ ಹೋಗುತ್ತವೆ, ಅವುಗಳಲ್ಲಿ 5.8 ಲಕ್ಷ ಭಾರತದ್ದು ಎಂದು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ನೇತೃತ್ವದ ಕೋವಿಡ್‌ಸರ್ಜ್ ತಂಡ ಅಂದಾಜಿಸಿತ್ತು.

ಮುಂದೂಡಿಕೆಗೆ ಕಾರಣವಿಲ್ಲದೆ ಇರಲಿಲ್ಲ. ಆಪರೇಷನ್ ಸಮಯದಲ್ಲಿ ಕೋವಿಡ್ ಸೋಂಕಿದ್ದವರಲ್ಲಿ ಅರ್ಧದಷ್ಟು ಮಂದಿಗೆ ಶ್ವಾಸಕೋಶದ ತೊಡಕು ಬಂತು, ಶೇ. 23.8 ಮಂದಿ ಮೂವತ್ತು ದಿನದೊಳಗೆ ಸತ್ತರು ಎಂದು ಅದೇ ತಂಡ 2020ರ ಮೇ ತಿಂಗಳಲ್ಲಿ ವರದಿ ಮಾಡಿತು. ಆದರೆ ಆ 1,128 ರೋಗಿಗಳಲ್ಲಿ ಬಹುಪಾಲು ವಯಸ್ಕರು. ವಯಸ್ಕರ ಅಪಾಯವನ್ನು ನೋಡಿ ಹಾಕಿದ ನಿಯಮವೇ ಮೂರು ತಿಂಗಳ ಕೂಸಿಗೂ ಅನ್ವಯವಾಯಿತು.

ಯಾರನ್ನು ಮೊದಲು ಕರೆಯಬೇಕು ಎಂಬುದಕ್ಕೆ ಬ್ರಿಟನ್ನಿನ ರಾಯಲ್ ಕಾಲೇಜುಗಳು ಒಂದು ಕ್ರಮ ಹಾಕಿಕೊಟ್ಟವು: 24 ಗಂಟೆಯೊಳಗೆ ಆಗಬೇಕಾದದ್ದು, 72 ಗಂಟೆ, ಒಂದು ತಿಂಗಳು, ಮೂರು ತಿಂಗಳು, ಅದಕ್ಕೂ ಮೀರಿ ಕಾಯಬಹುದಾದದ್ದು. ಬೇರೆ ದೇಶಗಳ ಆಸ್ಪತ್ರೆಗಳೂ ಇದೇ ಜಾಡು ಹಿಡಿದವು. ಮೊಣಕಾಲು ಸವೆದ ಅರವತ್ತರ ವ್ಯಕ್ತಿಗೆ ಈ ಲೆಕ್ಕ ಸರಿ. ಆರು ತಿಂಗಳು ನೋವು ತಿಂದರೂ ಆಮೇಲೆ ಮಾಡುವ ಆಪರೇಷನ್ ಅದೇ, ಫಲವೂ ಹೆಚ್ಚುಕಡಿಮೆ ಅದೇ. ಬೆಳೆಯುವ ಮಗುವಿನ ವಿಷಯ ಬೇರೆ. ಅಲ್ಲಿ ಆರು ತಿಂಗಳು ತಡವಾದರೆ ಆಪರೇಷನ್ನೇ ಬದಲಾಗುತ್ತದೆ, ಕೆಲವೊಮ್ಮೆ ಅದು ಪ್ರಯೋಜನಕ್ಕೇ ಬರುವುದಿಲ್ಲ. ಈ ಪಟ್ಟಿಗಳ ದೊಡ್ಡ ಕೊರತೆ ಇದೇ.

ವಯಸ್ಸಿನ ಗಡುವು

ತಡದ ಈ ಪರಿಣಾಮ ಅತಿ ಸ್ಪಷ್ಟವಾಗಿ ಕಾಣುವುದು ಪಿತ್ತನಾಳ ಮುಚ್ಚಿಹೋಗುವ ಬಿಲಿಯರಿ ಅಟ್ರೀಸಿಯಾ ಎಂಬ ಕಾಯಿಲೆಯಲ್ಲಿ. ಹುಟ್ಟಿದ ಮಗುವಿಗೆ ಕಾಮಾಲೆ ಬರುವುದು ಸಾಮಾನ್ಯ, ಒಂದೆರಡು ವಾರದಲ್ಲಿ ಇಳಿಯುವುದೂ ಸಾಮಾನ್ಯ. ಇಳಿಯದೆ ಹೋದರೆ, ಮಲ ಸುಣ್ಣ ಕಲಸಿದಂತೆ ಬಿಳಿಚಿದರೆ, ಮೂತ್ರ ಬಟ್ಟೆಗೆ ಹಳದಿ ಕಲೆ ಹಿಡಿಸಿದರೆ ತಡಮಾಡುವಂತಿಲ್ಲ. ಜಪಾನಿನ ಮೊರಿಯೊ ಕಸಾಯಿ 1959ರಲ್ಲಿ ವಿವರಿಸಿದ ಆಪರೇಷನ್‌ನಲ್ಲಿ ಸಣ್ಣ ಕರುಳನ್ನು ನೇರ ಲಿವರಿನ ಬುಡಕ್ಕೇ ಜೋಡಿಸುತ್ತಾರೆ. ಅರವತ್ತು ದಿನದೊಳಗೆ ಮಾಡಿದರೆ ಪಿತ್ತ ಹರಿಯುವ ಸಾಧ್ಯತೆ ಚೆನ್ನಾಗಿರುತ್ತದೆ. ದಿನ ಕಳೆದಷ್ಟೂ ಲಿವರ್ ಗಟ್ಟಿಯಾಗುತ್ತದೆ. ಕೊನೆಗೆ ಉಳಿಯುವುದು ಲಿವರ್ ಕಸಿ ಒಂದೇ, ಅದು ಎಲ್ಲರ ಕೈಗೆಟಕುವಂಥದ್ದಲ್ಲ.

ಈ ಅರವತ್ತು ದಿನಗಳಲ್ಲಿ ಮಗುವನ್ನು ಮನೆಯವರಲ್ಲದೆ ಬೇರೆ ಯಾರು ನೋಡುತ್ತಾರೆ? ತವರಿನಲ್ಲಿ ಬಾಣಂತನ ಮಾಡಿಸಿಕೊಳ್ಳುತ್ತಿರುವ ತಾಯಿಯ ಮನೆಗೆ ಆಶಾ ಕಾರ್ಯಕರ್ತೆ 42ನೇ ದಿನದವರೆಗೆ ಹಲವು ಸಲ ಬರಬೇಕು. ಆರನೇ ವಾರದ ಚುಚ್ಚುಮದ್ದಿಗೆ ಮಗುವನ್ನು ಉಪಕೇಂದ್ರಕ್ಕೆ ಒಯ್ಯಬೇಕು. ‘ಕಣ್ಣು ಇನ್ನೂ ಹಳದಿಯಾಗೇ ಇದೆಯಲ್ಲಮ್ಮ’ ಎಂದು ನರ್ಸ್ ಕೇಳುವುದು ಅಲ್ಲಿ. 2020ರ ಮಾರ್ಚ್, ಏಪ್ರಿಲ್‌ನಲ್ಲಿ ಊರೂರಿನ ಚುಚ್ಚುಮದ್ದು ಶಿಬಿರಗಳು ನಿಂತವು, ಆಶಾ ಕಾರ್ಯಕರ್ತೆಯರು ಕೋವಿಡ್ ಸಮೀಕ್ಷೆಗೆ ಮನೆಮನೆ ತಿರುಗಬೇಕಾಯಿತು. ‘ಎಳೆಬಿಸಿಲಿಗೆ ಹಿಡಿ, ಹೋಗುತ್ತೆ’ ಎಂಬ ಅಜ್ಜಿಯ ಮಾತಿಗೆ ಎದುರು ಹೇಳುವವರೇ ಇಲ್ಲದಂತಾಯಿತು. ಇಂಥ ಮಗುವಿನ ಪಾಲಿಗೆ ಆಪರೇಷನ್ ಕೋಣೆಗಿಂತ ಮುಂಚೆ ಬಾಗಿಲು ಹಾಕಿದ್ದು ಉಪಕೇಂದ್ರ.

ಡೊಂಕು ಪಾದದ (ಕ್ಲಬ್‌ಫೂಟ್) ಚಿಕಿತ್ಸೆ ಇನ್ನೊಂದು ಬಗೆಯಲ್ಲಿ ಕೆಟ್ಟಿತು. ಪೊನ್ಸೆಟಿ ವಿಧಾನದಲ್ಲಿ ವಾರಕ್ಕೊಮ್ಮೆ ಪಾದವನ್ನು ಸ್ವಲ್ಪಸ್ವಲ್ಪವೇ ತಿರುಗಿಸಿ ಪ್ಲಾಸ್ಟರ್ ಹಾಕುತ್ತಾರೆ. ಐದಾರು ವಾರವಾದ ಮೇಲೆ ಹಿಮ್ಮಡಿಯ ಸ್ನಾಯುರಜ್ಜುವನ್ನು ಸಣ್ಣದಾಗಿ ಕತ್ತರಿಸಿ, ಬಳಿಕ ವರ್ಷಗಟ್ಟಲೆ ವಿಶೇಷ ಬೂಟು ಹಾಕಿಸಬೇಕು. ವಾರ ತಪ್ಪಿದರೆ ಗಳಿಸಿದ್ದೂ ಹೋಗುತ್ತದೆ. ಎರಡನೆಯೋ ಮೂರನೆಯೋ ಪ್ಲಾಸ್ಟರ್ ಹಾಕಿಸಿಕೊಂಡು ಊರಿಗೆ ಹೋದ ಮಕ್ಕಳ ಕಾಲಿನಲ್ಲಿ ಲಾಕ್‌ಡೌನ್ ಘೋಷಣೆಯಾದಾಗ ಇದ್ದದ್ದು ಅದೇ ಪ್ಲಾಸ್ಟರ್. ಕೂಸಿನ ಕಾಲು ಬೆಳೆಯುತ್ತದೆ, ಪ್ಲಾಸ್ಟರ್ ಬೆಳೆಯುವುದಿಲ್ಲ. ಅದನ್ನು ಬಿಸಿನೀರಿನಲ್ಲಿ ನೆನೆಸಿ ಮನೆಯಲ್ಲೇ ಬಿಚ್ಚುವುದು ಹೇಗೆಂದು ವೈದ್ಯರು ಫೋನಿನಲ್ಲಿ ಹೇಳಿಕೊಡಬೇಕಾಯಿತು.

ಗುದದ್ವಾರವಿಲ್ಲದೆ ಹುಟ್ಟಿದ ಮಕ್ಕಳಿಗೆ ಅನೇಕ ವೇಳೆ ಮೂರು ಆಪರೇಷನ್ ಬೇಕಾಗುತ್ತದೆ. ಹುಟ್ಟಿದ ಒಂದೆರಡು ದಿನದಲ್ಲಿ ಹೊಟ್ಟೆಯ ಮೇಲೆ ಮಲ ಹೊರಬರಲು ದಾರಿ ಮಾಡುವುದು ಮೊದಲನೆಯದು. ಗುದದ್ವಾರ ಕಟ್ಟುವುದು ಎರಡನೆಯದು. ಅದು ಮಾಗಿದ ಮೇಲೆ ಹೊಟ್ಟೆಯ ದಾರಿ ಮುಚ್ಚುವುದು ಮೂರನೆಯದು. ಮೊದಲನೆಯದು ತುರ್ತು, ಅದು ಲಾಕ್‌ಡೌನ್‌ನಲ್ಲೂ ನಡೆಯಿತು. ಮಿಕ್ಕ ಎರಡು ಕಾಯಬಹುದಾದವುಗಳ ಪಟ್ಟಿಗೆ ಸೇರಿದವು. ಹಾಗೆ ಕಾಯುವುದೆಂದರೆ ಚೀಲ ಸಿಗದ ಕಡೆ ಹಳೆಯ ಹತ್ತಿಬಟ್ಟೆ ಮಡಚಿ ಕಟ್ಟುವುದು, ಹೊಟ್ಟೆಯ ಚರ್ಮ ಕೆಂಪಾಗಿ ಸುಲಿಯುವುದು, ಕೆಲವರಿಗೆ ಕರುಳು ಹೊರಗೆ ಜಾರುವುದು. ಎರಡನೆಯ ಆಪರೇಷನ್ ಆಗಿ ಮೂರನೆಯದಕ್ಕೆ ಕಾದವರು ಹೊಸ ದ್ವಾರ ಮತ್ತೆ ಕಿರಿದಾಗದಂತೆ ಹಿಗ್ಗಿಸಿಕೊಳ್ಳಲು ಆಸ್ಪತ್ರೆಗೆ ಹೋಗುತ್ತಿರಬೇಕು. ಅದೂ ತಪ್ಪಿತು.

ಮಿಕ್ಕವನ್ನು ಬೇಗ ಹೇಳಿ ಮುಗಿಸಬಹುದು. ಎಳೆಗೂಸಿನ ಹರ್ನಿಯಾದಲ್ಲಿ ಕರುಳು ಸಿಕ್ಕಿಹಾಕಿಕೊಳ್ಳುವ ಅಪಾಯ ದೊಡ್ಡವರಿಗಿಂತ ಹೆಚ್ಚು. ಕೆಳಗಿಳಿಯದ ವೃಷಣವನ್ನು ಆರರಿಂದ ಹದಿನೆಂಟು ತಿಂಗಳೊಳಗೆ ಇಳಿಸಿ ಕೂರಿಸಬೇಕು. ಸೀಳು ತುಟಿಗೆ ಮೂರರಿಂದ ಆರು ತಿಂಗಳ ವಯಸ್ಸು ಸೂಕ್ತ. ಸೀಳು ಅಂಗುಳವನ್ನು ಮಾತು ಬಲಿಯುವ ಮುಂಚೆ, ಒಂದೂವರೆ ವರ್ಷದೊಳಗೆ, ಹೊಲಿಯಬೇಕು. ತಡವಾದರೆ ಮೂಗಿನಿಂದ ಮಾತಾಡುವ ಅಭ್ಯಾಸ ಅಂಟಿಕೊಳ್ಳುತ್ತದೆ. ಹುಟ್ಟುಕಿವುಡಿಗೆ ಕಾಕ್ಲಿಯರ್ ಇಂಪ್ಲಾಂಟ್ ಹಾಕುವುದಕ್ಕೂ ಇದೇ ತರ್ಕ. ಹುಟ್ಟಿನಿಂದ ಬಂದ ಕಣ್ಣಿನ ಪೊರೆ ತೆಗೆಯಲು ವಾರಗಳ ಲೆಕ್ಕವಿದೆ: ಮಿದುಳು ನೋಡುವುದನ್ನು ಕಲಿಯುವ ಕಾಲ ಮುಗಿದರೆ, ಪೊರೆ ತೆಗೆದರೂ ದೃಷ್ಟಿ ಪೂರ್ತಿ ಬರುವುದಿಲ್ಲ.

ಕ್ಯಾನ್ಸರಿನ ಗಡ್ಡೆಗಳಿಗೂ ಕಾಯುವ ವ್ಯವಧಾನವಿಲ್ಲ. 79 ದೇಶಗಳ 213 ಆಸ್ಪತ್ರೆಗಳನ್ನು ವಿಚಾರಿಸಿದ ಒಂದು ಸಮೀಕ್ಷೆಯಲ್ಲಿ ಶೇ. 72ರಷ್ಟು ಆಸ್ಪತ್ರೆಗಳು ಕ್ಯಾನ್ಸರ್ ಪೀಡಿತ ಮಕ್ಕಳ ಶಸ್ತ್ರಚಿಕಿತ್ಸೆ ಕಡಿಮೆಯಾಯಿತೆಂದು ತಿಳಿಸಿದವು. ಅರ್ಧಕ್ಕಿಂತ ಹೆಚ್ಚಿನವು ರಕ್ತದ ಕೊರತೆ ಹೇಳಿಕೊಂಡವು. ರಕ್ತದ ಕೊರತೆ ಹೃದ್ರೋಗಿ ಮಕ್ಕಳಿಗೂ ತಟ್ಟಿತು. ಕಾಲೇಜುಗಳು ಮುಚ್ಚಿ ರಕ್ತದಾನ ಶಿಬಿರಗಳು ನಿಂತಿದ್ದವು. ರಕ್ತವಿಲ್ಲದೆ ತೆರೆದ ಹೃದಯದ ಆಪರೇಷನ್ ಆಗುವುದಿಲ್ಲ. 2020ರ ಲಾಕ್‌ಡೌನ್ ಮತ್ತು ಅದರ ಮುಂದಿನ ತಿಂಗಳುಗಳಲ್ಲಿ ಭಾರತದ ಮಕ್ಕಳ ಹೃದಯ ಚಿಕಿತ್ಸಾ ಕೇಂದ್ರಗಳಿಗೆ ದಾಖಲಾದವರ ಸಂಖ್ಯೆ ಹಿಂದಿನ ವರ್ಷಕ್ಕಿಂತ ಅರ್ಧಕ್ಕೂ ಕೆಳಗಿಳಿದಿತ್ತು.

ತಡವಾಗಿ ಬಂದ ತುರ್ತುಗಳು

ತುರ್ತು ಚಿಕಿತ್ಸೆಯನ್ನು ಯಾವ ಸರ್ಕಾರವೂ ನಿಲ್ಲಿಸಲಿಲ್ಲ. ಆದರೂ ತುರ್ತು ವಿಭಾಗಗಳು ಖಾಲಿಯಾದವು. ಇಟಲಿಯ ಐದು ಮಕ್ಕಳ ಆಸ್ಪತ್ರೆಗಳಲ್ಲಿ 2020ರ ಮಾರ್ಚ್‌ನಲ್ಲಿ ತುರ್ತು ವಿಭಾಗಕ್ಕೆ ಬರುವವರು ಶೇ. 73ರಿಂದ 88ರಷ್ಟು ಕಡಿಮೆಯಾದರು. ಮಾರ್ಚ್ 23ರಿಂದ 27ರವರೆಗಿನ ಒಂದೇ ವಾರದಲ್ಲಿ, ಸೋಂಕಿನ ಭಯದಿಂದ ತಡವಾಗಿ ಬಂದ 12 ಮಕ್ಕಳನ್ನು ಅಲ್ಲಿನ ವೈದ್ಯರು ಗುರುತಿಸಿದರು. ಆರು ಮಕ್ಕಳು ತೀವ್ರ ನಿಗಾ ಘಟಕ ಸೇರಿದರು, ನಾಲ್ವರು ಸತ್ತರು. ಈ ಮಕ್ಕಳ ಕಾಯಿಲೆಗಳೆಲ್ಲ ಶಸ್ತ್ರಚಿಕಿತ್ಸೆಯವಲ್ಲ, ಆದರೆ ತಂದೆತಾಯಂದಿರ ಭಯ ಏನು ಮಾಡಬಲ್ಲದು ಎಂಬುದನ್ನು ಇಷ್ಟು ಬೇಗ, ಇಷ್ಟು ಚಿಕ್ಕದಾಗಿ ಹೇಳಿದ ವರದಿ ಇನ್ನೊಂದಿಲ್ಲ.

ಮಕ್ಕಳ ಶಸ್ತ್ರಚಿಕಿತ್ಸೆಯಲ್ಲಿ ಹೆಚ್ಚು ಅಧ್ಯಯನವಾದದ್ದು ಅಪೆಂಡಿಸೈಟಿಸ್. ಹೊಟ್ಟೆನೋವೆಂದು ಎರಡು ದಿನ ಮನೆಮದ್ದು ಮಾಡಿ ಮೂರನೇ ದಿನ ಬಂದಾಗ ಅಪೆಂಡಿಕ್ಸ್ ಒಡೆದು ಹೊಟ್ಟೆಯಲ್ಲಿ ಕೀವು ತುಂಬಿರುವುದು ಅನೇಕ ದೇಶಗಳಲ್ಲಿ ಹೆಚ್ಚಿತು. ಎಲ್ಲ ಕಡೆ ಹೀಗೆಯೇ ಆಯಿತೆಂದಲ್ಲ; ವ್ಯತ್ಯಾಸವೇ ಕಾಣದ ಆಸ್ಪತ್ರೆಗಳೂ ಇವೆ. ವೃಷಣ ತಿರುಚಿಕೊಂಡಾಗ ರಕ್ತಸಂಚಾರ ನಿಂತು ಸುಮಾರು ಆರು ಗಂಟೆಯಲ್ಲಿ ಅಂಗವೇ ಕೈಬಿಡುತ್ತದೆ. ಇಲ್ಲೂ ಫಲಿತಾಂಶ ಮಿಶ್ರ: ಕೆಲವು ಕಡೆ ವೃಷಣ ತೆಗೆಯಬೇಕಾದ ಪ್ರಸಂಗ ಹೆಚ್ಚಿತು, ಕೆಲವು ಕಡೆ ಇಲ್ಲ.

ಇದರ ನಡುವೆ ಹೊಸ ಗೊಂದಲವೊಂದು ಬಂತು. ಕೋವಿಡ್ ಬಂದುಹೋದ ಕೆಲವು ವಾರಗಳ ಮೇಲೆ ಕೆಲವು ಮಕ್ಕಳಿಗೆ ಜ್ವರ, ವಾಂತಿ, ಜೋರು ಹೊಟ್ಟೆನೋವು ಕಾಣಿಸಿಕೊಳ್ಳತೊಡಗಿತು. ಮೊದಲ ಎಚ್ಚರಿಕೆ ಬ್ರಿಟನ್ನಿನಿಂದ 2020ರ ಏಪ್ರಿಲ್ ಕೊನೆಗೆ ಹೊರಟಿತು. ಬಹು ಅಂಗಗಳ ಉರಿಯೂತವಾದ ಈ ಮಿಸ್-ಸಿ ಹೊರನೋಟಕ್ಕೆ ಅಪೆಂಡಿಸೈಟಿಸ್‌ನಂತೆಯೇ ಇರುತ್ತಿತ್ತು. ಅನಗತ್ಯವಾಗಿ ಹೊಟ್ಟೆ ತೆರೆದ ಪ್ರಸಂಗಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಹೃದಯ ಮೊದಲೇ ದುರ್ಬಲವಾಗಿರುವ ಇಂಥ ಮಗುವಿಗೆ ಅರಿವಳಿಕೆ ಕೊಡುವುದು ಸಣ್ಣ ಅಪಾಯವಲ್ಲ.

ದಾರಿ

ಭಾರತದಲ್ಲಿ ಮಕ್ಕಳ ಶಸ್ತ್ರಚಿಕಿತ್ಸಕರು ಇರುವುದು ಹೆಚ್ಚಾಗಿ ದೊಡ್ಡ ನಗರಗಳಲ್ಲಿ. ಆದ್ದರಿಂದ ಬಸ್ಸು ನಿಂತರೆ ಚಿಕಿತ್ಸೆಯೂ ನಿಲ್ಲುತ್ತದೆ. ಕರ್ನಾಟಕದಲ್ಲಿ ಸರ್ಕಾರಿ ಬಸ್ಸುಗಳು ಮತ್ತೆ ರಸ್ತೆಗಿಳಿದದ್ದು 2020ರ ಮೇ 19ರಂದು. ಅಲ್ಲಿಯವರೆಗೆ ದೂರದ ಜಿಲ್ಲೆಯ ಕೂಲಿಕಾರ ಕುಟುಂಬ ಮಗುವನ್ನು ಬೆಂಗಳೂರಿಗೋ ಹುಬ್ಬಳ್ಳಿಗೋ ಒಯ್ಯಬೇಕಾದರೆ ಪಾಸು ಪಡೆದು, ಬಾಡಿಗೆ ವಾಹನ ಹಿಡಿದು, ಚೆಕ್‌ಪೋಸ್ಟ್‌ಗಳಲ್ಲಿ ಕಾಗದ ತೋರಿಸಬೇಕಿತ್ತು. ದುಡಿಮೆ ನಿಂತ ಕಾಲದಲ್ಲಿ ಆ ಬಾಡಿಗೆಯೇ ಆಪರೇಷನ್ನಿಗಿಂತ ಭಾರ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಅಡಿ ಆಪರೇಷನ್ ಖರ್ಚು ಉಳಿದರೂ ಈ ಖರ್ಚು ಉಳಿಯದು.

ಗಡಿ ಮುಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕ–ಕೇರಳ ಗಡಿಯ ತಲಪಾಡಿ ಸಾಕ್ಷಿ. ಕಾಸರಗೋಡಿನ ಜನ, ಅವರಲ್ಲಿ ಕನ್ನಡಿಗರೂ ಸೇರಿ, ದೊಡ್ಡ ಕಾಯಿಲೆಗೆ ತಲೆತಲಾಂತರದಿಂದ ಮಂಗಳೂರನ್ನೇ ನೆಚ್ಚಿದವರು. 2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕ ಗಡಿ ಮುಚ್ಚಿ ಮಣ್ಣು ಸುರಿಯಿತು, ಆಂಬುಲೆನ್ಸುಗಳು ಹಿಂದಿರುಗಿದವು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ರಸ್ತೆ ತೆರೆಸಲು ಆದೇಶಿಸಿತು, ವಿವಾದ ಸುಪ್ರೀಂ ಕೋರ್ಟಿಗೆ ಹೋಯಿತು. ತುರ್ತು ರೋಗಿಗಳನ್ನು ತಲಪಾಡಿ ಮೂಲಕ ಬಿಡಲು ಒಪ್ಪಂದವಾದ ವಿಷಯ ಕೋರ್ಟಿನ ಮುಂದೆ ಬಂದದ್ದು ಏಪ್ರಿಲ್ 7ರಂದು. ಸೋಂಕು ತಡೆಯುವ ಉದ್ದೇಶ ಏನೇ ಇರಲಿ, ರೋಗಿಗೆ ದಾರಿ ಬಿಡಲು ನ್ಯಾಯಾಲಯದವರೆಗೆ ಹೋಗಬೇಕಾಗಿ ಬಂದದ್ದು ಆಡಳಿತದ ಸೋಲು.

ಕಾಯಿಲೆ ಪತ್ತೆಯಾಗುವ ದಾರಿಯೂ ಹೀಗೆಯೇ ಮುಚ್ಚಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡಗಳು ಅಂಗನವಾಡಿ, ಶಾಲೆಗಳಿಗೆ ಹೋಗಿ ಸೀಳು ತುಟಿ, ಡೊಂಕು ಪಾದ, ಹೃದಯದ ರಂಧ್ರದಂಥ ದೋಷಗಳನ್ನು ಗುರುತಿಸಿ ಮೇಲಿನ ಆಸ್ಪತ್ರೆಗೆ ಕಳಿಸುತ್ತಿದ್ದವು. ಶಾಲೆ ಮುಚ್ಚಿತು, ಅನೇಕ ಕಡೆ ತಂಡಗಳನ್ನು ಕೋವಿಡ್ ಕೆಲಸಕ್ಕೆ ಹಾಕಿದರು. ಕರ್ನಾಟಕದಲ್ಲಿ ಒಂದರಿಂದ ಐದನೇ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಅಂದರೆ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಸಣ್ಣ ಮಕ್ಕಳು ಶಾಲೆಯಲ್ಲಿ ವೈದ್ಯರ ಕಣ್ಣಿಗೆ ಬೀಳಲೇ ಇಲ್ಲ.

ಆಸ್ಪತ್ರೆಯೊಳಗೆ

ಆಪರೇಷನ್ ನಡೆದ ಕಡೆಯೂ ಕ್ರಮ ಬದಲಾಯಿತು. ಗಂಟಲು ದ್ರವದ ವರದಿ ಬರುವವರೆಗೆ ಹಸಿದ ಕೂಸನ್ನು ಸಂತೈಸುತ್ತ ಕೂರುವುದು ತಾಯಂದಿರ ಪಾಡಾಯಿತು. ಮಗುವಿನ ಜೊತೆ ಒಬ್ಬರೇ ಇರಬೇಕೆಂಬ ನಿಯಮದಿಂದ ಹಸಿ ಬಾಣಂತಿ ಒಬ್ಬಳೇ ವಾರ್ಡಿನಲ್ಲಿ ಉಳಿದು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಗಂಡನಿಗೋ ಅಪ್ಪನಿಗೋ ಫೋನು ಮಾಡಿ ಕೇಳುವ ಪರಿಸ್ಥಿತಿ ಬಂತು. ಮಕ್ಕಳಿಗೆ ಸಾಮಾನ್ಯವಾಗಿ ಮುಖವಾಡದಿಂದ ಅನಿಲ ಉಸಿರಾಡಿಸಿ ಅರಿವಳಿಕೆ ಕೊಡುತ್ತಾರೆ. ಅಳುವ, ಕೊಸರಾಡುವ ಮಗುವಿನ ಉಸಿರಿನ ಹನಿಗಳು ಕೋಣೆಯಲ್ಲಿ ಹರಡುತ್ತವೆಂಬ ಅಂಜಿಕೆಯಿಂದ ಅನೇಕರು ಮೊದಲೇ ಸೂಜಿಚುಚ್ಚಿ ಮಲಗಿಸುವ ಕ್ರಮಕ್ಕೆ ಹೊರಳಿದರು. ಲ್ಯಾಪರೊಸ್ಕೋಪಿಯ ಹೊಗೆ, ಅನಿಲದಿಂದ ಸೋಂಕು ಹರಡಬಹುದೆಂದು ಆರಂಭದಲ್ಲಿ ಅದನ್ನೂ ಕೆಲವರು ಬಿಟ್ಟರು, ಬಳಿಕ ಹಿಂದಿರುಗಿದರು. ಸ್ನಾತಕೋತ್ತರ ವಿದ್ಯಾರ್ಥಿಗಳ ಪಾಲಿಗೆ ಆ ಎರಡು ವರ್ಷ ಪಿಪಿಇ ಕಿಟ್ಟಿನೊಳಗೆ ಕಳೆಯಿತು, ಕೈಗೆ ಸಿಕ್ಕ ಆಪರೇಷನ್ ಕಡಿಮೆ.

ಕಡಿಮೆಯಾದದ್ದು, ಉಳಿದುಕೊಂಡದ್ದು

ಲಾಕ್‌ಡೌನ್‌ನಿಂದ ಮಕ್ಕಳಿಗೆ ಒಳಿತೂ ಆಯಿತೆಂದು ಹೇಳದಿದ್ದರೆ ಚಿತ್ರ ಅರ್ಧವಾಗುತ್ತದೆ. ರಸ್ತೆ ಅಪಘಾತ, ಆಟದ ಮೈದಾನದ ಮೂಳೆಮುರಿತ ಇಳಿದವು. ಕರುಳಿನೊಳಗೆ ಕರುಳು ತೂರಿಕೊಳ್ಳುವ ಇಂಟಸಸೆಪ್ಷನ್ ಕೂಡ ಹಲವು ದೇಶಗಳಲ್ಲಿ ಕಡಿಮೆಯಾಯಿತು. ಅದಕ್ಕೆ ಮುನ್ನ ಬಹಳಷ್ಟು ಸಲ ಬರುವ ನೆಗಡಿ, ಭೇದಿಯ ವೈರಸ್‌ಗಳು ಶಾಲೆ, ಶಿಶುವಿಹಾರ ಮುಚ್ಚಿದ್ದರಿಂದ ಹರಡಲಿಲ್ಲ ಎಂಬುದು ಇದಕ್ಕೆ ಕೊಡುವ ವಿವರಣೆ. ಬದಲಿಗೆ ಮನೆಯೊಳಗಿನ ಅಪಘಾತಗಳು ಮುಂದೆ ಬಂದವು: ಬಿಸಿನೀರಿನ ಸುಟ್ಟಗಾಯ, ರಿಮೋಟಿನ ಗುಂಡಿ ಬ್ಯಾಟರಿ ನುಂಗುವುದು. ಆ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯಲ್ಲೇ ಸುಡತೊಡಗುತ್ತದೆ.

ಒತ್ತಾಯಕ್ಕೆ ಮಾಡಿದ ಕೆಲವು ಬದಲಾವಣೆಗಳು ಉಪಯುಕ್ತವೆಂದು ಉಳಿದವು. ತೊಡಕಿಲ್ಲದ ಅಪೆಂಡಿಸೈಟಿಸ್‌ಗೆ ಆಪರೇಷನ್ ಇಲ್ಲದೆ ಆಂಟಿಬಯಾಟಿಕ್ ಕೊಡುವುದು ಬ್ರಿಟನ್ನಿನಲ್ಲಿ ಮೊದಲ ಲಾಕ್‌ಡೌನ್ ವೇಳೆ ವ್ಯಾಪಕವಾಯಿತು. ಹೀಗೆ ಚಿಕಿತ್ಸೆ ಪಡೆದ ಮಕ್ಕಳಲ್ಲಿ ಸುಮಾರು ಮೂರನೇ ಎರಡು ಭಾಗಕ್ಕೆ ಒಂದು ವರ್ಷದವರೆಗೆ ಆಪರೇಷನ್ ಬೇಕಾಗಲಿಲ್ಲ ಎಂದು 2020ರಲ್ಲೇ ಪ್ರಕಟವಾದ ಅಮೆರಿಕದ ಅಧ್ಯಯನ ತೋರಿಸಿತ್ತು. ಬಿಚ್ಚಬೇಕಾಗಿಲ್ಲದ, ತಾನೇ ಕರಗುವ ಹೊಲಿಗೆ ಹಾಕಿ ಅದೇ ದಿನ ಮನೆಗೆ ಕಳಿಸುವುದು ಹೆಚ್ಚಿತು. ಭಾರತದಲ್ಲಿ ದೂರವೈದ್ಯಕೀಯದ ಮಾರ್ಗಸೂಚಿ ಹೊರಬಂದದ್ದು ಲಾಕ್‌ಡೌನ್ ಆರಂಭವಾದ 2020ರ ಮಾರ್ಚ್ 25ರಂದೇ. ಗಾಯದ ಫೋಟೋ ವಾಟ್ಸ್ಆ್ಯಪ್‌ನಲ್ಲಿ ಬರತೊಡಗಿತು. ಕರ್ನಾಟಕಕ್ಕೆ ಇದು ಪೂರ್ತಿ ಹೊಸದಲ್ಲ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಕಣ್ಣಿನ ಚಿತ್ರಗಳನ್ನು ಜಿಲ್ಲೆಗಳಲ್ಲಿ ತಂತ್ರಜ್ಞರು ತೆಗೆದು ಬೆಂಗಳೂರಿನ ತಜ್ಞರಿಗೆ ಕಳಿಸುವ ‘ಕಿಡ್‌ರಾಪ್’ ಯೋಜನೆಯನ್ನು ನಾರಾಯಣ ನೇತ್ರಾಲಯ 2008ರಲ್ಲೇ ಆರಂಭಿಸಿತ್ತು.

ಬಳಿಕ

ಎರಡನೇ ಅಲೆಯಲ್ಲಿ ಕರ್ನಾಟಕ 2021ರ ಏಪ್ರಿಲ್ ಕೊನೆಯಿಂದ ಜೂನ್ ಮಧ್ಯದವರೆಗೆ ಮತ್ತೆ ನಿರ್ಬಂಧಕ್ಕೆ ಒಳಗಾಯಿತು. ಆಮ್ಲಜನಕಕ್ಕೇ ಬರ ಬಂದಾಗ ಯೋಜಿತ ಆಪರೇಷನ್ ಮಾತೇ ಏಳಲಿಲ್ಲ. ಮೂರನೇ ಅಲೆ ಮಕ್ಕಳನ್ನು ಹೊಡೆಯುತ್ತದೆ ಎಂಬ ಆತಂಕದಲ್ಲಿ ರಾಜ್ಯ ಸರ್ಕಾರ ಡಾ. ದೇವಿ ಶೆಟ್ಟಿ ನೇತೃತ್ವದ ತಜ್ಞರ ಸಮಿತಿ ರಚಿಸಿ, ಮಕ್ಕಳ ತೀವ್ರ ನಿಗಾ ಹಾಸಿಗೆಗಳನ್ನು ಹೆಚ್ಚಿಸುವತ್ತ ಗಮನ ಕೊಟ್ಟಿತು. ಆ ಆತಂಕ ಅಷ್ಟಾಗಿ ನಿಜವಾಗಲಿಲ್ಲ. ಹಾಗೆ ಬಂದ ಹಾಸಿಗೆ, ವೆಂಟಿಲೇಟರುಗಳನ್ನು ಬಾಕಿ ಉಳಿದ ಮಕ್ಕಳ ಆಪರೇಷನ್ನುಗಳಿಗೆ ಬಳಸಿಕೊಳ್ಳುವುದು ಆ ಖರ್ಚನ್ನು ಸಾರ್ಥಕ ಮಾಡುವ ದಾರಿ.

ಬಾಕಿ ಪಟ್ಟಿ ಶ್ರೀಮಂತ ದೇಶಗಳಲ್ಲೂ ಬೇಗ ಕರಗಲಿಲ್ಲ. ಇಂಗ್ಲೆಂಡಿನಲ್ಲಿ ಮಕ್ಕಳ ಸರದಿ ವಯಸ್ಕರ ಸರದಿಗಿಂತ ನಿಧಾನವಾಗಿ ಕರಗುತ್ತಿದೆ ಎಂಬ ದೂರು ವರ್ಷಗಟ್ಟಲೆ ಕೇಳಿಬಂತು. ಕೆನಡಾದಲ್ಲಿ ಇನ್ನೊಂದು ತಿರುವು: ಎರಡು ವರ್ಷ ಮನೆಯೊಳಗಿದ್ದು ಸಾಮಾನ್ಯ ವೈರಸ್‌ಗಳ ಪರಿಚಯವೇ ಇಲ್ಲದೆ ಬೆಳೆದ ಮಕ್ಕಳಿಗೆ 2022ರ ಚಳಿಗಾಲದಲ್ಲಿ ಆರ್‌ಎಸ್‌ವಿ, ಫ್ಲೂ ಒಟ್ಟಿಗೆ ಬಂದವು. ಟೊರೊಂಟೊದ ಸಿಕ್‌ಕಿಡ್ಸ್ ಆಸ್ಪತ್ರೆ ಆ ನವೆಂಬರ್‌ನಲ್ಲಿ ತೀವ್ರ ನಿಗಾ ಘಟಕಕ್ಕೆ ಸಿಬ್ಬಂದಿ ಒದಗಿಸಲು ಮತ್ತೆ ಆಪರೇಷನ್‌ಗಳನ್ನು ತಗ್ಗಿಸಬೇಕಾಯಿತು. ಲಾಕ್‌ಡೌನ್ ಮುಗಿದ ಮೇಲೂ ಅದರ ಸಾಲ ತೀರಿರಲಿಲ್ಲ.

ಇಂಗ್ಲೆಂಡಿನಲ್ಲಿ ದೂರು ಕೊಡಲಾದರೂ ಒಂದು ಪಟ್ಟಿ ಇತ್ತು. ಯಾವ ಮಗು, ಯಾವ ಆಪರೇಷನ್ನಿಗೆ, ಎಷ್ಟು ದಿನದಿಂದ ಕಾಯುತ್ತಿದೆ ಎಂದು ಹೇಳುವ ರಾಷ್ಟ್ರಮಟ್ಟದ ಸರದಿ ಪಟ್ಟಿ ಭಾರತದಲ್ಲಿ ಲಾಕ್‌ಡೌನ್‌ಗೆ ಮುಂಚೆ ಇರಲಿಲ್ಲ. ಮಗುವಿನ ವಯಸ್ಸಿನ ಗಡುವನ್ನೂ ನಮೂದಿಸುವ ಇಂಥ ಪಟ್ಟಿಯನ್ನು ಜಿಲ್ಲಾ ಮಟ್ಟದಿಂದ ಶುರುಮಾಡಲು ಬೇಕಾದ ಮಾಹಿತಿ ಆಶಾ ಕಾರ್ಯಕರ್ತೆಯರ ಪುಸ್ತಕಗಳಲ್ಲೂ ಬಾಲ ಸ್ವಾಸ್ಥ್ಯ ತಂಡಗಳ ದಾಖಲೆಗಳಲ್ಲೂ ಬಹುಮಟ್ಟಿಗೆ ಇದೆ. ಮುಂದಿನ ಸಾಂಕ್ರಾಮಿಕ ಬರುವ ಮೊದಲು ರಾಜ್ಯದ ಆರೋಗ್ಯ ಇಲಾಖೆ ಕೈಗೆತ್ತಿಕೊಳ್ಳಬೇಕಾದ ಮೊದಲ ಕೆಲಸ ಇದು.